ಕಡಸಿನ ಗಬ್ಬ: ಕುರುಹು ಮತ್ತು ತಾರೀಖು

ಚಾಲುಕ್ಯ ರಾಜಕುಮಾರನೂ ಜೈನಕವಿಯೂ ಆದ ಕೀರ್ತಿವರ್ಮನು ಸುಮಾರು ಕ್ರಿ.ಶ. 1125ರಲ್ಲಿ ರಚಿಸಿದ ‘ಗೋವೈದ್ಯ’ವು ಕನ್ನಡದ ಮೊದಲ ಪಶುವೈದ್ಯ ಗ್ರಂಥವೆಂದು ಪ್ರಸಿದ್ಧವಾಗಿದೆ. ಆದರೆ ದನಗಳ ಬಗೆಗಿನ ತಿಳಿವಳಿಕೆಯ ಬಹುಭಾಗ ಓಲೆಗೇರದೆ ಸಾಕುವವರ ಮಾತಿನಲ್ಲಿಯೇ ಉಳಿದುಬಂದಿತು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಕೊಟ್ಟಿಗೆಗಳಲ್ಲಿ ಕೇಳಿಬರುವ ಬೆದೆ, ಗಬ್ಬ, ಕೆಚ್ಚಲು, ಈಯುವುದು ಎಂಬ ಪದಗಳು ಆ ತಿಳಿವಳಿಕೆಯ ಕುರುಹುಗಳು.

ಕರೆಯುವ ಹಸುವಿನಲ್ಲಿ ಹಾಲು ಇಳಿಯುವುದೂ ಗಬ್ಬದ ಒಂದು ಸೂಚನೆ; ಕಡಸಿಗೆ ಅದಿಲ್ಲ. ಹೋರಿಯು ಮಂದೆಯೊಡನೆ ಮೇಯುತ್ತಿದ್ದಾಗ ಕೂಡಿದ ದಿನವೂ ಹಲವೊಮ್ಮೆ ತಿಳಿಯುತ್ತಿರಲಿಲ್ಲ. ಬೆದೆ ಮರುಕಳಿಸದಿರುವುದು ಮೊದಲ ಸುಳಿವು. ಆದರೆ ಮೇವಿನ ಕೊರತೆಯಿಂದಲೂ ಬೆದೆ ನಿಲ್ಲುತ್ತದೆ. ಗಬ್ಬದ ನಡುಗಾಲ ಕಳೆದಂತೆ ಕೆಚ್ಚಲು ಮೂಡುತ್ತದೆ. ಈಯುವ ದಿನ ಸಮೀಪಿಸಿದಾಗ ಮೊಲೆಗಳು ತುಂಬಿ ಬಿಗಿಯುತ್ತವೆ, ಬಾಲದ ಬುಡದ ಇಕ್ಕೆಲಗಳು ಸಡಿಲಗೊಂಡು ಕುಸಿಯುತ್ತವೆ, ಲೋಳೆ ಇಳಿಯುತ್ತದೆ.

1939ರಲ್ಲಿ ಮೈಸೂರು ಅರಮನೆಯ ಡೇರಿಯಲ್ಲಿ ಸಂಪತ್ ಕುಮಾರನ್ ಅವರು ನಡೆಸಿದ ಕೃತಕ ಗರ್ಭಧಾರಣೆಯು ಭಾರತದಲ್ಲಿ ಮೊದಲನೆಯದೆಂದು ದಾಖಲಾಗಿದೆ. ಆ ವಿಧಾನವು ಹಳ್ಳಿಗಳಿಗೆ ಹಬ್ಬಿದಾಗ ಗಬ್ಬಕ್ಕೊಂದು ತಾರೀಖು ದೊರೆಯಿತು: ಅಂದಿನಿಂದ ಸುಮಾರು 280 ದಿನ. ಎರಡು ಮೂರು ತಿಂಗಳಿಗೆ ಪಶುವೈದ್ಯರು ಗುದದ್ವಾರದ ಮೂಲಕ ಕೈಯಿಟ್ಟು ಗರ್ಭಕೋಶವನ್ನು ತಡವಿ ನಿಶ್ಚಯಿಸುತ್ತಾರೆ. ಗಬ್ಬ ನಿಲ್ಲದ ಕಡಸನ್ನು ಗಬ್ಬವೆಂದೇ ನಂಬಿ ಸಾಕಿದ ಮನೆಗೆ ತಿಂಗಳುಗಟ್ಟಲೆ ಮೇವೂ ಮುಂದಿನ ಹಾಲೂ ನಷ್ಟ. ಆದುದರಿಂದ ಬೇಗ ತಿಳಿಯುವುದು ಜೀವನೋಪಾಯದ ಪ್ರಶ್ನೆ.

ಆದರೂ ತಾರೀಖು ಕೆಲವು ದಿನ ಹಿಂದುಮುಂದಾಗುತ್ತದೆ. ಈಯುವ ರಾತ್ರಿ ಯಾವುದೆಂಬುದನ್ನು ಇಂದಿಗೂ ಹಳೆಯ ಕುರುಹುಗಳೇ ಹೇಳುತ್ತವೆ.