ಹದಿನೈದರಿಂದ ಐವತ್ತೊಂಬತ್ತು: ತಲಘಟ್ಟಪುರದಲ್ಲಿ ದುಡಿಯುವ ವಯಸ್ಸಿನ ಲೆಕ್ಕ

ನಮ್ಮ ಜನಗಣತಿಯ ಕೋಷ್ಟಕಗಳನ್ನು ಓದುವಾಗ 15ರಿಂದ 59 ವರ್ಷದವರನ್ನು ದುಡಿಯುವ ವಯಸ್ಸಿನವರೆಂದು ಹಿಡಿಯುವುದು ರೂಢಿ. ವಿಶ್ವಸಂಸ್ಥೆ ಇದೇ ಗೆರೆಯನ್ನು 64ರವರೆಗೆ ಎಳೆಯುತ್ತದೆ. 1971ರಲ್ಲಿ ದೇಶದ ಜನರಲ್ಲಿ ಈ ವಯಸ್ಸಿನವರ ಪಾಲು ಸುಮಾರು ಶೇ. 52 ಇತ್ತು. 2011ಕ್ಕೆ ಅದು ಶೇ. 60 ದಾಟಿತು. ಬೇರೆ ರೀತಿಯಲ್ಲಿ ಹೇಳುವುದಾದರೆ, ದುಡಿಯುವ ವಯಸ್ಸಿನ ನೂರು ಮಂದಿಯನ್ನು ನೆಚ್ಚಿಕೊಂಡ ಮಕ್ಕಳು ಮತ್ತು ವೃದ್ಧರು 1971ರಲ್ಲಿ 92 ಇದ್ದದ್ದು ನಲವತ್ತು ವರ್ಷಗಳಲ್ಲಿ 65ಕ್ಕೆ ಇಳಿಯಿತು. ಕೇಂದ್ರದ ತಾಂತ್ರಿಕ ತಂಡ 2020ರಲ್ಲಿ ಪ್ರಕಟಿಸಿದ ಮುನ್ನಂದಾಜಿನ ಪ್ರಕಾರ 2036ರ ಹೊತ್ತಿಗೆ ಈ ಪಾಲು ಶೇ. 65ರ ಆಸುಪಾಸಿಗೆ ಬರಲಿದೆ. ದುಡಿಯುವ ವಯಸ್ಸಿನವರ ಪಾಲು ಹೆಚ್ಚಿದಾಗ ದೇಶಕ್ಕೆ ಸಿಗಬಹುದಾದ ಲಾಭ, ಅಂದರೆ ಜನಸಂಖ್ಯಾ ಲಾಭಾಂಶದ ಮಾತೆಲ್ಲ ನಿಂತಿರುವುದು ಈ ಏರಿಕೆಯ ಮೇಲೆ. ಇದೇ ಅಳತೆಯನ್ನು ಬೆಂಗಳೂರಿನ ದಕ್ಷಿಣ ಅಂಚಿನ ತಲಘಟ್ಟಪುರದಂಥ ಒಂದು ಊರಿಗೆ ಹಚ್ಚಿದರೆ ಏನು ತಿಳಿಯುತ್ತದೆ, ಏನು ಮರೆಯಾಗುತ್ತದೆ ಎಂಬುದು ಈ ಟಿಪ್ಪಣಿಯ ವಿಷಯ.

ದೇಶದ ಮಟ್ಟದಲ್ಲಿ ಪಾಲು ಏರಿದ್ದಕ್ಕೆ ಮುಖ್ಯ ಕಾರಣ ಜನನ ಕಡಿಮೆಯಾದದ್ದು. ಈ ಕಥೆಯಲ್ಲಿ ಹಳೆಯ ಮೈಸೂರಿಗೆ ದೊಡ್ಡ ಸ್ಥಾನವಿದೆ. ಸಂಸ್ಥಾನದ ಸರ್ಕಾರ 1930ರಷ್ಟು ಹಿಂದೆಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕೇಂದ್ರಗಳನ್ನು ತೆರೆಯಲು ಆದೇಶಿಸಿತ್ತು. 1952ರ ಸುಮಾರಿಗೆ ಅಬ್ರಹಾಂ ಸ್ಟೋನ್ ಎಂಬ ವೈದ್ಯರ ಸಲಹೆಯ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಪ್ರಯೋಗವೊಂದು ರಾಮನಗರದಲ್ಲಿ ನಡೆಯಿತು. ಹೆಂಗಸರಿಗೆ ಬಣ್ಣದ ಮಣಿಗಳ ಸರ ಕೊಟ್ಟು, ದಿನಕ್ಕೊಂದು ಮಣಿ ಸರಿಸುತ್ತ ಗರ್ಭ ನಿಲ್ಲುವ ಮತ್ತು ನಿಲ್ಲದ ದಿನಗಳನ್ನು ಗುರುತಿಸಲು ಕಲಿಸಿದರು. ಪ್ರಯೋಗ ಹೆಚ್ಚಿನ ಫಲ ಕೊಡಲಿಲ್ಲ. ಆದರೆ ಅದೇ ವರ್ಷಗಳಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಜೊತೆಯಾಗಿ ಕೈಗೊಂಡ ಮೈಸೂರು ಜನಸಂಖ್ಯಾ ಅಧ್ಯಯನ 1961ರಲ್ಲಿ ಪ್ರಕಟವಾಗಿ, ಇಂಥ ಸಮೀಕ್ಷೆಗಳಿಗೆ ಮೇಲ್ಪಂಕ್ತಿಯಾಯಿತು. ಮುಂದೆ ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ಜಾನ್ ಕಾಲ್ಡ್‌ವೆಲ್, ಪಿ.ಎಚ್. ರೆಡ್ಡಿ, ಪ್ಯಾಟ್ ಕಾಲ್ಡ್‌ವೆಲ್ ನಡೆಸಿದ ಅಧ್ಯಯನ ಮಕ್ಕಳ ಓದಿನ ಖರ್ಚಿನ ಕಡೆಗೂ ಏರುತ್ತಿದ್ದ ಮದುವೆಯ ವಯಸ್ಸಿನ ಕಡೆಗೂ ಗಮನ ಸೆಳೆಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಣ್ಣೊಬ್ಬಳಿಗೆ ಸರಾಸರಿ 1.7 ಮಕ್ಕಳು.

ಆದರೆ ಒಂದು ಊರಿನ ಮಟ್ಟಕ್ಕೆ ಇಳಿದಾಗ ಜನನ ಮರಣಗಳ ಲೆಕ್ಕ ಹಿಂದೆ ಸರಿದು ವಲಸೆ ಮುಂದೆ ಬರುತ್ತದೆ. ತಲಘಟ್ಟಪುರ ಬೆಂಗಳೂರು ದಕ್ಷಿಣ ತಾಲ್ಲೂಕಿನ ಉತ್ತರಹಳ್ಳಿ ಹೋಬಳಿಯ ಹಳ್ಳಿಯಾಗಿತ್ತು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಮಾಡಿದಾಗ ನಗರದೊಳಗೆ ಬಂತು. 2021ರ ಜನವರಿಯಲ್ಲಿ ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆ ನಿಲ್ದಾಣದವರೆಗೆ ಮೆಟ್ರೋ ಓಡತೊಡಗಿತು. ಇಂದು ಕನಕಪುರ ರಸ್ತೆಯ ಅಪಾರ್ಟ್‌ಮೆಂಟು, ಪಿ.ಜಿ., ಬಾಡಿಗೆ ಮನೆಗಳಲ್ಲಿ ತುಂಬಿರುವ ಪ್ರಾಯದವರಲ್ಲಿ ಬಹುಮಂದಿ ಇಲ್ಲಿ ಹುಟ್ಟಿದವರಲ್ಲ.

ಅವರು ಎಲ್ಲಿಂದ ಬಂದರು ಎಂಬುದಕ್ಕೆ ಜಿಲ್ಲಾವಾರು ಅಂಕಿಗಳೇ ಸುಳಿವು ಕೊಡುತ್ತವೆ. 2001ರಿಂದ 2011ರ ನಡುವೆ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ ಶೇ. 47ರಷ್ಟು ಬೆಳೆದು 96 ಲಕ್ಷ ದಾಟಿತು. ರಾಜ್ಯದ ಸರಾಸರಿ ಬೆಳವಣಿಗೆ ಶೇ. 15.6. ಹಾಸನದ್ದು ಶೇ. 3ರ ಸುಮಾರು, ಮಂಡ್ಯದ್ದು ಶೇ. 2.55, ಕೊಡಗಿನದ್ದು ಶೇ. 1ಕ್ಕಿಂತ ಸ್ವಲ್ಪ ಹೆಚ್ಚು. ಚಿಕ್ಕಮಗಳೂರಿನ ಜನಸಂಖ್ಯೆ ಇದ್ದದ್ದಕ್ಕಿಂತ ಕಡಿಮೆಯಾಯಿತು. ಜನನ ಇಳಿದದ್ದರಿಂದ ಮಾತ್ರ ಇಷ್ಟು ಅಂತರ ಹುಟ್ಟುವುದಿಲ್ಲ. ಊರು ಬಿಟ್ಟವರು ಪ್ರಾಯದವರು; ಊರಲ್ಲಿ ಉಳಿದವರು ಅವರ ಅಪ್ಪ ಅಮ್ಮ. ಹೀಗಾಗಿ ಕನಕಪುರ ರಸ್ತೆಯಲ್ಲಿ ದುಡಿಯುವ ವಯಸ್ಸಿನ ಪಾಲು ಏರುವುದೂ ಹಾಸನದ ಹೋಬಳಿಗಳಲ್ಲಿ ವೃದ್ಧರ ಪಾಲು ಏರುವುದೂ ಒಂದೇ ಘಟನೆಯ ಎರಡು ತುದಿ. ತಿಂಗಳ ಮೊದಲ ವಾರ ಮಗಳು ಊರಿಗೆ ಕಳಿಸುವ ಔಷಧಿಯ ದುಡ್ಡು ತಲಘಟ್ಟಪುರದ ಅವಲಂಬಿತರ ಲೆಕ್ಕಕ್ಕೆ ಸೇರುವುದಿಲ್ಲ. ಅವಲಂಬಿತರು ಬೇರೆ ಜಿಲ್ಲೆಯಲ್ಲಿದ್ದಾರೆ, ಹೊರುವವರು ಇಲ್ಲಿದ್ದಾರೆ. ವಾರ್ಡಿನ ಅನುಪಾತ ನೋಡಿ ಇಲ್ಲಿನವರ ಹೆಗಲು ಹಗುರವಾಗಿದೆ ಎನ್ನುವುದು ಈ ಕಾರಣಕ್ಕೆ ತಪ್ಪು.

ಇನ್ನೊಂದು ತೊಡಕು ಆ ವಯಸ್ಸಿನ ಗೆರೆಯಲ್ಲೇ ಇದೆ. ರಾಜ್ಯದ ರೇಷ್ಮೆ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ ಇರುವುದು ತಲಘಟ್ಟಪುರದಲ್ಲಿ; ಇಲ್ಲಿಂದ ಮುಂದಕ್ಕೆ ಕನಕಪುರ, ರಾಮನಗರ ಸೀಮೆಯೆಲ್ಲ ರೇಷ್ಮೆಯ ನಾಡು. ರೇಷ್ಮೆ ಮನೆಯಲ್ಲಿ ಹುಳು ನಾಲ್ಕು ಜ್ವರ (ಪೊರೆ ಕಳಚುವ ಹಂತ) ಕಳೆದು, ಕೊನೆಯ ವಾರ ಸೊಪ್ಪು ಹಾಕಿದಷ್ಟೂ ಸಾಲದೆ, ಒಂದು ದಿನ ಹಣ್ಣಾಗುತ್ತದೆ. ಹಣ್ಣಾದ ಹುಳುವನ್ನು ಹೊತ್ತು ಮೀರದೆ ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು, ಇಲ್ಲದಿದ್ದರೆ ಗೂಡು ಕೆಡುತ್ತದೆ. ಆ ದಿನ ಎಪ್ಪತ್ತರ ಅಜ್ಜಿಯೂ ಶಾಲೆಗೆ ರಜೆ ಹಾಕಿದ ಹುಡುಗನೂ ತಟ್ಟೆಯ ಮುಂದೆ ಕೂರುತ್ತಾರೆ. ಕೋಷ್ಟಕದಲ್ಲಿ ಇಬ್ಬರೂ ಅವಲಂಬಿತರು. ಮಕ್ಕಳು ಇಂಥ ದುಡಿಮೆ ಬಿಟ್ಟು ಶಾಲೆಗೆ ಹೋದದ್ದು ದೊಡ್ಡ ಗೆಲುವು, ಅದರಲ್ಲಿ ಎರಡು ಮಾತಿಲ್ಲ. ಅಜ್ಜಿಯ ದುಡಿಮೆ ಮಾತ್ರ ಇಂದಿಗೂ ಲೆಕ್ಕದ ಹೊರಗೇ ಉಳಿದಿದೆ.

ಗೆರೆಯ ಮೇಲ್ತುದಿಯ ಪೊಳ್ಳುತನವನ್ನು ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು 2016ರಲ್ಲಿ ಬೀದಿಯಲ್ಲಿ ನಿಂತು ತೋರಿಸಿಕೊಟ್ಟರು. ಭವಿಷ್ಯ ನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಆ ವರ್ಷ ನಿಯಮ ತಂದಿತ್ತು. ಏಪ್ರಿಲ್ 18ರಂದು ಹೊಸೂರು ರಸ್ತೆಯ ಬೊಮ್ಮನಹಳ್ಳಿಯಲ್ಲಿ ಸಾವಿರಾರು ಹೆಂಗಸರು ಮಷೀನು ಬಿಟ್ಟು ರಸ್ತೆಗಿಳಿದರು. ಮರುದಿನ ನಗರದ ಬೇರೆ ಕಡೆಗೂ ಹಬ್ಬಿತು. ಅಂದೇ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಪತ್ರಿಕೆಗಳು ಇದನ್ನು ಪಿ.ಎಫ್. ಗಲಾಟೆ ಎಂದು ಬರೆದವು. ಜನಸಂಖ್ಯೆಯ ವಿದ್ಯಾರ್ಥಿಗೆ ಇದು ಗಲಾಟೆಗಿಂತ ಮಿಗಿಲಾದ ಪುರಾವೆ. ಗಂಟೆಗಿಷ್ಟು ಪೀಸು ಎಂಬ ಟಾರ್ಗೆಟ್ಟಿನ ಕೆಳಗೆ ಹೊಲಿಯುವವರಲ್ಲಿ 58 ತುಂಬುವವರೆಗೆ ಲೈನಿನಲ್ಲಿ ಉಳಿಯುವವರು ಅಪರೂಪ. ಕಣ್ಣು, ಸೊಂಟ, ಮನೆಯ ಜವಾಬ್ದಾರಿ ಸೇರಿ ಎಷ್ಟೋ ಮಂದಿಯನ್ನು ಅದಕ್ಕಿಂತ ಬಹಳ ಮೊದಲೇ ಹೊರಗೆ ತಳ್ಳುತ್ತವೆ. ಕೆಲಸ ಬಿಟ್ಟಾಗ ಕೈಗೆ ಸಿಗುವ ಪಿ.ಎಫ್. ಹಣವೇ ಮಗಳ ಮದುವೆ, ಮನೆಯ ಭೋಗ್ಯ, ಸಾಲದ ತೀರುವಳಿ. ರಾಜ್ಯ ಸರ್ಕಾರಿ ನೌಕರನ ದುಡಿಯುವ ವಯಸ್ಸು 60ಕ್ಕೆ ಮುಗಿಯುತ್ತದೆ, ಆಮೇಲೆ ನಿವೃತ್ತಿಯ ರಕ್ಷಣೆ ಇರುತ್ತದೆ. ಗಾರ್ಮೆಂಟ್ಸ್ ಹೆಂಗಸಿನದು ಎಷ್ಟೋ ಮೊದಲೇ ಮುಗಿದರೂ ಕೋಷ್ಟಕದಲ್ಲಿ ಆಕೆ 59ರವರೆಗೆ ದುಡಿಯುತ್ತಲೇ ಇರುತ್ತಾಳೆ.

ದುಡಿಯುವ ವಯಸ್ಸಿನವರೆಲ್ಲ ದುಡಿಮೆಯಲ್ಲಿಲ್ಲ ಎಂಬುದನ್ನು ದೇಶದ ಕಾರ್ಮಿಕ ಬಲ ಸಮೀಕ್ಷೆಯ ಅಂಕಿಗಳೂ ತೋರಿಸುತ್ತವೆ. 2023–24ರಲ್ಲಿ 15 ದಾಟಿದ ಗಂಡಸರಲ್ಲಿ ಶೇ. 79ರಷ್ಟು ಮಂದಿ ಕಾರ್ಮಿಕ ಬಲದಲ್ಲಿದ್ದರೆ ಹೆಂಗಸರಲ್ಲಿ ಶೇ. 42ರಷ್ಟು. 2017–18ರಲ್ಲಿ ಹೆಂಗಸರ ಪಾಲು ಶೇ. 23 ಮಾತ್ರ ಇತ್ತು. ಏರಿಕೆ ಸಂತೋಷದ್ದೇ, ಆದರೆ ಬಹುಪಾಲು ಹಳ್ಳಿಗಳಲ್ಲಿ, ಸ್ವಂತ ದುಡಿಮೆಯಲ್ಲಿ ಮತ್ತು ಮನೆಯ ಉದ್ಯಮಗಳ ಕೂಲಿಯಿಲ್ಲದ ಕೆಲಸದಲ್ಲಿ ಕಂಡದ್ದು.

ದುಡಿಯುವ ವಯಸ್ಸಿನ ಪಾಲಿನ ಏರಿಕೆಗೆ ಕೊನೆಯಿದೆ ಎಂಬುದನ್ನೂ ಮರೆಯುವಂತಿಲ್ಲ. ಜಪಾನಿನಲ್ಲಿ ದುಡಿಯುವ ವಯಸ್ಸಿನವರ ಸಂಖ್ಯೆ 1995ರಲ್ಲಿ ಶಿಖರ ಮುಟ್ಟಿ ಇಳಿಯತೊಡಗಿತು. ಅಷ್ಟು ದೂರ ಹೋಗುವುದೂ ಬೇಡ: 2021ರ ಅಂದಾಜಿನಲ್ಲಿ ಕೇರಳದ ಜನರಲ್ಲಿ 60 ದಾಟಿದವರು ಶೇ. 16.5. ಜನನ 1.7ಕ್ಕೆ ಇಳಿದ ಕರ್ನಾಟಕ ಅದೇ ದಾರಿಯಲ್ಲಿದೆ. ಹಾಸನ, ಮಂಡ್ಯ, ಚಿಕ್ಕಮಗಳೂರು ಬೆಂಗಳೂರಿಗಿಂತ ಮೊದಲು ಅಲ್ಲಿಗೆ ಮುಟ್ಟುತ್ತವೆ ಎಂಬುದು ನನ್ನ ತೀರ್ಮಾನ.

ತಲಘಟ್ಟಪುರ ನಗರವಾಗಿ ತಿರುಗಿದ ಕಾಲದ ಬಹುಭಾಗ ಎರಡು ಜನಗಣತಿಗಳ ನಡುವಿನ ಕಂದಕದಲ್ಲಿ ಬಿದ್ದಿದೆ. 2011ರ ಎಣಿಕೆಗೆ ಮೆಟ್ರೋ ಬಂದಿರಲಿಲ್ಲ; 2021ರ ಎಣಿಕೆ ನಡೆಯಲಿಲ್ಲ; ಮುಂದಿನದಕ್ಕೆ ಗೊತ್ತಾದ ದಿನ 2027ರ ಮಾರ್ಚ್ 1. ವಯಸ್ಸಿನ ಕೋಷ್ಟಕದ ಜೊತೆಗೆ, ಹಿಂದೆ ಎಲ್ಲಿದ್ದಿರಿ, ಇಲ್ಲಿಗೆ ಬಂದು ಎಷ್ಟು ವರ್ಷವಾಯಿತು ಎಂಬ ಕೋಷ್ಟಕಗಳನ್ನೂ ವಾರ್ಡುವಾರು ಪ್ರಕಟಿಸಿದರೆ ಮಾತ್ರ ಇಲ್ಲಿನ ಲಾಭಾಂಶ ಯಾವ ಜಿಲ್ಲೆಯಿಂದ ಬಂತೆಂದು ಹೇಳಲು ಸಾಧ್ಯ. ಗಣತಿದಾರರು ಬಂದಾಗ ಮನೆ ಮಾಲೀಕರು, ಪಿ.ಜಿ. ನಡೆಸುವವರು, ಕಟ್ಟಡದ ಮೇಸ್ತ್ರಿಗಳು ಒಂದು ಉಪಕಾರ ಮಾಡಬೇಕು: ಬಾಡಿಗೆಯವರನ್ನೂ, ರಾಯಚೂರು ಯಾದಗಿರಿಯಿಂದ ಬಂದು ಶೆಡ್ಡಿನಲ್ಲಿರುವ ಕುಟುಂಬಗಳನ್ನೂ ಅವರ ಮಕ್ಕಳನ್ನೂ ಬಿಡದೆ ಬರೆಸಿ.