ಸಾಕು ಜಿಂಕೆಗೆ ಪ್ರೊಬಯೋಟಿಕ್: ಯಾವಾಗ ಉಪಯೋಗ, ಯಾವಾಗ ದುಡ್ಡು ದಂಡ?

ಪ್ರೊಬಯೋಟಿಕ್ ಎಂಬ ಪದ ಈಗ ಮೊಸರಿನ ಡಬ್ಬಿಯ ಮೇಲೂ ಇದೆ, ನಾಯಿಯ ಆಹಾರದ ಚೀಲದ ಮೇಲೂ ಇದೆ, ಹಸುವಿಗೆ ಕೊಡುವ ಪುಡಿಯ ಮೇಲೂ ಇದೆ. ವಿದೇಶಗಳಲ್ಲಿ ಫಾರ್ಮ್‌ಗಳಲ್ಲಿ ಸಾಕುವ ಜಿಂಕೆಗಳಿಗೂ ಇಂಥ ಪುಡಿ, ಪೇಸ್ಟ್‌ಗಳು ಮಾರಾಟವಾಗುತ್ತವೆ. "ಜೀರ್ಣಶಕ್ತಿ ಹೆಚ್ಚುತ್ತದೆ, ಭೇದಿ ನಿಲ್ಲುತ್ತದೆ, ತೂಕ ಏರುತ್ತದೆ" ಎಂಬ ಭರವಸೆಗಳೂ ಜೊತೆಗಿರುತ್ತವೆ. ಇದರಲ್ಲಿ ಎಷ್ಟು ನಿಜ? ನಮ್ಮ ಹಸು, ಆಡು, ಕುರಿಗಳ ಹೊಟ್ಟೆಯೂ ಜಿಂಕೆಯ ಹೊಟ್ಟೆಯ ಹಾಗೆಯೇ ಇರುವುದರಿಂದ ಈ ಪ್ರಶ್ನೆ ನಮಗೂ ಸಂಬಂಧಿಸಿದ್ದು.

ಚುಟುಕಾಗಿ ಉತ್ತರ

• ಕೆಲವು ಸಂದರ್ಭಗಳಲ್ಲಿ, ಕೆಲವು ಸೂಕ್ಷ್ಮಜೀವಿಗಳಿಂದ ಸ್ವಲ್ಪ ಮಟ್ಟಿಗೆ ಉಪಯೋಗವಿದೆ.
• ಮೇವು ತಪ್ಪಿದ್ದರೆ ಯಾವ ಪೊಟ್ಟಣವೂ ಅದನ್ನು ಸರಿಪಡಿಸುವುದಿಲ್ಲ.
• ಭೇದಿ, ಹೊಟ್ಟೆ ಉಬ್ಬರ, ತೂಕ ಇಳಿತಕ್ಕೆ ಪುಡಿ ಕೊಟ್ಟು ಕಾಯುತ್ತ ಕೂತರೆ ಪ್ರಾಣಿ ಸಾಯಬಹುದು. ಮೊದಲು ಕಾರಣ ಗೊತ್ತಾಗಬೇಕು.

ಜಿಂಕೆಯನ್ನು ಸಾಕುವುದು ಎಲ್ಲಿ?

ಜಗತ್ತಿನಲ್ಲಿ ಅತಿ ಹೆಚ್ಚು ಜಿಂಕೆ ಸಾಕುವ ದೇಶ ನ್ಯೂಜಿಲೆಂಡ್. ಅಲ್ಲಿಗೆ ಜಿಂಕೆ ಮೂಲದ್ದಲ್ಲ. ಯುರೋಪಿನಿಂದ ಹೋದವರು ಹತ್ತೊಂಬತ್ತನೇ ಶತಮಾನದಲ್ಲಿ ಬೇಟೆಗಾಗಿ ಕೆಂಪು ಜಿಂಕೆಗಳನ್ನು ತಂದು ಬಿಟ್ಟರು. ಅವು ಬೆಟ್ಟಗಳಲ್ಲಿ ಮಿತಿಮೀರಿ ಬೆಳೆದು ಕಾಡನ್ನೇ ಮೇಯತೊಡಗಿದವು. 1969ರಲ್ಲಿ ಸರ್ಕಾರ ಜಿಂಕೆ ಸಾಕಣೆಗೆ ಕಾನೂನಿನ ಒಪ್ಪಿಗೆ ಕೊಟ್ಟಿತು. ಕಾಡಿನ ಜಿಂಕೆಗಳನ್ನು ಹೆಲಿಕಾಪ್ಟರ್‌ನಿಂದ ಬಲೆ ಹಾಕಿ ಹಿಡಿದು ಫಾರ್ಮ್‌ಗಳಿಗೆ ತಂದರು. ಇಂದು ಮಾಂಸಕ್ಕಾಗಿ, ಎಳೆ ಕೊಂಬಿಗಾಗಿ ಅಲ್ಲಿ ಜಿಂಕೆ ಸಾಕುತ್ತಾರೆ.

ಭಾರತದಲ್ಲಿ ಹೀಗೆ ಮಾಡುವಂತಿಲ್ಲ. ಚುಕ್ಕೆ ಜಿಂಕೆ, ಕಡವೆ ಮುಂತಾದವಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. "ಜಿಂಕೆ ಫಾರ್ಮ್ ಮಾಡಿ ಲಕ್ಷ ಲಕ್ಷ ಗಳಿಸಿ" ಎಂದು ಯಾರಾದರೂ ವಿಡಿಯೋ ಕಳಿಸಿದರೆ ಅದನ್ನು ಮುಂದೆ ಕಳಿಸಬೇಡಿ.

ಹೊಟ್ಟೆಯೊಳಗಿನ ಹುದುಗುವ ತೊಟ್ಟಿ

ಜಿಂಕೆ ಮೆಲುಕು ಹಾಕುವ ಪ್ರಾಣಿ. ಅದರ ಹೊಟ್ಟೆಗೆ ನಾಲ್ಕು ಕೋಣೆ. ಮೊದಲನೆಯದು, ಎಲ್ಲಕ್ಕಿಂತ ದೊಡ್ಡದು, ರೂಮೆನ್. ಮೇವು ಮೊದಲು ಇಲ್ಲಿಗೆ ಬಂದು ಹುದುಗುತ್ತದೆ. ಹುಲ್ಲಿನ ನಾರನ್ನು ಒಡೆಯುವ ಶಕ್ತಿ ಜಿಂಕೆಗೆ ಸ್ವಂತವಾಗಿ ಇಲ್ಲ. ಆ ಕೆಲಸ ಮಾಡುವುದು ರೂಮೆನ್‌ನಲ್ಲಿರುವ ಬ್ಯಾಕ್ಟೀರಿಯಾ, ಶಿಲೀಂಧ್ರ, ಪ್ರೋಟೊಜೋವಾಗಳು. ಅವು ನಾರನ್ನು ಹುದುಗಿಸಿ ಬಿಡುವ ಆಮ್ಲಗಳೇ ಜಿಂಕೆಗೆ ಮುಖ್ಯ ಶಕ್ತಿ. ಹಾಗಾಗಿ ಜಿಂಕೆಗೆ ಮೇವು ಹಾಕುವುದೆಂದರೆ ಮೊದಲು ಈ ಸೂಕ್ಷ್ಮಜೀವಿಗಳಿಗೆ ಹಾಕಿದಂತೆ.

ಜಿಂಕೆಗೂ ಹಸುವಿಗೂ ಒಂದು ವ್ಯತ್ಯಾಸವಿದೆ. ಹಸು ಹುಲ್ಲನ್ನೇ ನೆಚ್ಚಿಕೊಂಡ ಪ್ರಾಣಿ. ಯುರೋಪಿನ ರೋ ಜಿಂಕೆಯಂಥವು ಚಿಗುರು, ಎಲೆ, ಮೊಗ್ಗುಗಳನ್ನು ಆರಿಸಿ ತಿನ್ನುತ್ತವೆ. ಕೆಂಪು ಜಿಂಕೆ ಇವೆರಡರ ನಡುವಿನದು. ಕಾಲಕ್ಕೆ ತಕ್ಕಂತೆ ಹುಲ್ಲನ್ನೂ ಎಲೆಯನ್ನೂ ತಿನ್ನುತ್ತದೆ. ಆದ್ದರಿಂದ ಹಸುವಿನ ಮೇಲೆ ಪರೀಕ್ಷಿಸಿದ ಪುಡಿ ಎಲ್ಲ ಜಿಂಕೆಗಳಿಗೂ ಹಾಗೆಯೇ ಹೊಂದುತ್ತದೆ ಎನ್ನುವಂತಿಲ್ಲ. ಪ್ರೊಬಯೋಟಿಕ್ ಪ್ರಯೋಗಗಳಲ್ಲಿ ಹೆಚ್ಚಿನವು ನಡೆದಿರುವುದು ಹಸು, ಕರುಗಳ ಮೇಲೆ. ಜಿಂಕೆಗಳ ಮೇಲೆ ನಡೆದದ್ದು ಕಡಿಮೆ.

ಒಂದು ಸಣ್ಣ ಲೆಕ್ಕ

ಒಂದು ಮಿಲಿಲೀಟರ್ ರೂಮೆನ್ ದ್ರವದಲ್ಲಿ ಸುಮಾರು 1,000 ಕೋಟಿ ಬ್ಯಾಕ್ಟೀರಿಯಾ ಇರುತ್ತವೆ. ಒಂದು ಜಿಂಕೆಯ ರೂಮೆನ್‌ನಲ್ಲಿ 10 ಲೀಟರ್, ಅಂದರೆ 10,000 ಮಿಲಿಲೀಟರ್ ಇದೆ ಎಂದಿಟ್ಟುಕೊಳ್ಳಿ. ಈಗ 1,000 ಕೋಟಿ ಬ್ಯಾಕ್ಟೀರಿಯಾ ಇರುವ ಒಂದು ಪೊಟ್ಟಣವನ್ನು ಬಾಯಿಗೆ ಹಾಕಿದಿರಿ. ಕೇಳಲು ದೊಡ್ಡ ಸಂಖ್ಯೆ. ಆದರೆ ಒಳಗೆ ಅದು ಹತ್ತು ಸಾವಿರ ಜನ ಸೇರಿದ ಜಾತ್ರೆಗೆ ಒಬ್ಬ ಹೊಸಬ ಬಂದ ಹಾಗೆ. ಮೊದಲೇ ನೆಲೆಯೂರಿದವರ ನಡುವೆ ಅವನಿಗೆ ಜಾಗ ಸಿಗುವುದು ಕಷ್ಟ.

ಆದ್ದರಿಂದಲೇ ಆರೋಗ್ಯವಾಗಿ ಮೇಯುತ್ತಿರುವ ದೊಡ್ಡ ಜಿಂಕೆಗೆ ಇಂಥ ಪುಡಿಯಿಂದ ದೊಡ್ಡ ಬದಲಾವಣೆ ಕಾಣುವುದು ಅಪರೂಪ.

ಹಾಗಾದರೆ ಯಾವಾಗ ಉಪಯೋಗ?

ಹಾಲು ಕುಡಿಯುವ ಮರಿಗೆ. ಹುಟ್ಟಿದ ಮರಿಯ ರೂಮೆನ್ ಇನ್ನೂ ಬೆಳೆದಿರುವುದಿಲ್ಲ. ಕುಡಿದ ಹಾಲು ಅದನ್ನು ದಾಟಿ ನೇರವಾಗಿ ನಾಲ್ಕನೇ ಕೋಣೆಗೆ ಹೋಗುತ್ತದೆ. ಕರುಳಿನಲ್ಲಿ ಸೂಕ್ಷ್ಮಜೀವಿಗಳು ಆಗಷ್ಟೇ ನೆಲೆಯೂರುತ್ತಿರುತ್ತವೆ, ಹೊಸಬರಿಗೆ ಜಾಗವಿರುತ್ತದೆ. ಹಾಲಿನ ಜೊತೆ ಲ್ಯಾಕ್ಟೋಬ್ಯಾಸಿಲಸ್‌ನಂಥವನ್ನು ಕೊಟ್ಟಾಗ ಭೇದಿ ಕಡಿಮೆಯಾದದ್ದು ಕರುಗಳ ಮೇಲಿನ ಹಲವು ಪ್ರಯೋಗಗಳಲ್ಲಿ ಕಂಡಿದೆ. ತಾಯಿಯಿಂದ ಬೇರೆಯಾಗಿ ಬಾಟಲಿ ಹಾಲು ಕುಡಿಯುವ ಜಿಂಕೆ ಮರಿಗೂ ಇದು ನೆರವಾಗಬಹುದು. ಆದರೆ ಮೊದಲ ಗಂಟೆಗಳಲ್ಲಿ ಸಿಗಬೇಕಾದ ಗಿಣ್ಣು ಹಾಲಿಗೆ ಇದು ಬದಲಿಯಲ್ಲ.

ಮೇವು ಬದಲಾಗುವಾಗ. ಹುಲ್ಲುಗಾವಲಿನಿಂದ ಕಾಳು ಬೆರೆತ ಮೇವಿಗೆ ದಾಟುವ ದಿನಗಳಲ್ಲಿ ಜೀವಂತ ಯೀಸ್ಟ್ ಸ್ವಲ್ಪ ಸಹಾಯ ಮಾಡಬಹುದು. ಮೇವಿನ ಜೊತೆ ಒಳಗೆ ಹೋಗುವ ಆಮ್ಲಜನಕವನ್ನು ಯೀಸ್ಟ್ ಬಳಸಿಬಿಡುತ್ತದೆ. ಆಮ್ಲಜನಕ ಆಗದ ರೂಮೆನ್ ಬ್ಯಾಕ್ಟೀರಿಯಾಗಳಿಗೆ ಇದರಿಂದ ಅನುಕೂಲ. ಯೀಸ್ಟ್ ರೂಮೆನ್‌ನಲ್ಲಿ ಶಾಶ್ವತವಾಗಿ ನೆಲೆಸುವುದಿಲ್ಲ. ಹಾಗಾಗಿ ದಿನವೂ ಕೊಟ್ಟರೆ ಮಾತ್ರ ಫಲ.

ಮರಿ ಅಗಲಿಸುವಾಗ, ಸಾಗಿಸುವಾಗ, ಆ್ಯಂಟಿಬಯೋಟಿಕ್ ಕೋರ್ಸ್ ಮುಗಿದ ಮೇಲೆ. ಪ್ರಾಣಿ ಮೇವು ಬಿಟ್ಟಿದ್ದು ಮತ್ತೆ ತಿನ್ನಲು ಶುರುಮಾಡುವ ಈ ಹೊತ್ತಿನಲ್ಲಿ ಹಲವರು ಪ್ರೊಬಯೋಟಿಕ್ ಕೊಡುತ್ತಾರೆ. ಇದಕ್ಕೆ ಆಧಾರ ಮೇಲಿನೆರಡರಷ್ಟು ಗಟ್ಟಿಯಿಲ್ಲ.

ಕಾಯಿಲೆಯಲ್ಲದ್ದನ್ನು ಕಾಯಿಲೆ ಎಂದುಕೊಳ್ಳುವುದು

ಕೆಂಪು ಜಿಂಕೆಯ ಹಸಿವು ಋತುವಿನ ಜೊತೆ ಏರಿಳಿಯುತ್ತದೆ. ಚಳಿಗಾಲದಲ್ಲಿ ಅದು ತಾನಾಗಿಯೇ ಕಡಿಮೆ ತಿನ್ನುತ್ತದೆ. ಬೆದೆಗಾಲದಲ್ಲಿ, ಅಂದರೆ ನ್ಯೂಜಿಲೆಂಡಿನಲ್ಲಿ ಮಾರ್ಚ್-ಏಪ್ರಿಲ್ ಹೊತ್ತಿಗೆ, ಗಂಡು ಜಿಂಕೆ ಮೇವನ್ನು ಬಹುಮಟ್ಟಿಗೆ ಬಿಟ್ಟು ಸಾಕಷ್ಟು ತೂಕ ಕಳೆದುಕೊಳ್ಳುತ್ತದೆ. ಹೊಸದಾಗಿ ಸಾಕುವವರು ಇದನ್ನು ಅಜೀರ್ಣ ಎಂದುಕೊಂಡು ಪುಡಿ ತರುತ್ತಾರೆ. ಋತು ಬದಲಾದಾಗ ಹಸಿವು ಮರಳುತ್ತದೆ, ಹೆಸರು ಪುಡಿಗೆ ಬರುತ್ತದೆ.

ಕಾಯಿಲೆಯನ್ನು ಅಜೀರ್ಣ ಎಂದುಕೊಳ್ಳುವುದು

ಇದು ಹೆಚ್ಚು ಅಪಾಯದ್ದು. ಜಿಂಕೆಯ ಭೇದಿ, ಸೊರಗುವಿಕೆಗೆ ಪ್ರೊಬಯೋಟಿಕ್‌ಗೆ ಬಗ್ಗದ ಕಾರಣಗಳು ಹಲವು.

• ಯರ್ಸಿನಿಯೋಸಿಸ್: ತಾಯಿಯಿಂದ ಅಗಲಿಸಿದ ಮರಿಗಳಿಗೆ ಮೊದಲ ಚಳಿಗಾಲದ ಹೊತ್ತಿಗೆ ಬರುವ ಬ್ಯಾಕ್ಟೀರಿಯಾ ರೋಗ. ನಾರುವ ನೀರು ಭೇದಿಯಾಗಿ ಬೇಗ ಸಾಯುತ್ತವೆ. ನ್ಯೂಜಿಲೆಂಡಿನಲ್ಲಿ ಇದಕ್ಕೆ ಲಸಿಕೆ ಇದೆ.
• ಜೋನೀಸ್ ರೋಗ: ಕರುಳಿನ ಗೋಡೆ ದಪ್ಪಗಾಗಿ ಪ್ರಾಣಿ ಸೊರಗುತ್ತದೆ. ಜಿಂಕೆಗಳಲ್ಲಿ ಎಳೆಯ ವಯಸ್ಸಿನಲ್ಲೂ ಕಾಣಿಸುತ್ತದೆ.
• ಜಂತುಹುಳು, ಶ್ವಾಸಕೋಶದ ಹುಳು: ಇದಕ್ಕೆ ಬೇಕಾದದ್ದು ಹುಳುವಿನ ಔಷಧಿ.
• ತಾಮ್ರದ ಕೊರತೆ: ರಕ್ತ ಅಥವಾ ಯಕೃತ್ತಿನ ಪರೀಕ್ಷೆಯಿಂದ ಗೊತ್ತಾಗುತ್ತದೆ.
• ಉತ್ತರ ಅಮೆರಿಕದಲ್ಲಿ ಜಿಂಕೆಗಳನ್ನು ಕಾಡುವ ಕ್ರಾನಿಕ್ ವೇಸ್ಟಿಂಗ್ ಡಿಸೀಸ್: ಪ್ರಿಯಾನ್ ಎಂಬ ಪ್ರೋಟೀನ್‌ನಿಂದ ಬರುತ್ತದೆ. ಇದಕ್ಕೆ ಚಿಕಿತ್ಸೆಯೇ ಇಲ್ಲ.

ಕೊಳ್ಳುವುದಾದರೆ ಲೇಬಲ್‌ನಲ್ಲಿ ನೋಡಬೇಕಾದದ್ದು

1. ಪೂರ್ತಿ ಹೆಸರು. "ಒಳ್ಳೆಯ ಬ್ಯಾಕ್ಟೀರಿಯಾ" ಎಂದಷ್ಟೇ ಬರೆದಿದ್ದರೆ ಸಾಲದು. ಯಾವ ಜಾತಿ, ಅದರಲ್ಲಿ ಯಾವ ತಳಿ ಎಂಬುದಿರಬೇಕು. ಒಂದು ತಳಿಯ ಗುಣ ಇನ್ನೊಂದಕ್ಕೆ ಇರಬೇಕೆಂದಿಲ್ಲ.

2. ಜೀವಂತ ಸಂಖ್ಯೆ. ಇದನ್ನು ಸಿಎಫ್‌ಯು ಎಂಬ ಲೆಕ್ಕದಲ್ಲಿ ಬರೆದಿರುತ್ತಾರೆ. ತಯಾರಾದ ದಿನ ಎಷ್ಟಿತ್ತು ಎಂಬುದಕ್ಕಿಂತ ಎಕ್ಸ್‌ಪೈರಿ ದಿನದವರೆಗೆ ಎಷ್ಟು ಉಳಿಯುತ್ತದೆ ಎಂಬುದು ಮುಖ್ಯ. ಸತ್ತ ಸೂಕ್ಷ್ಮಜೀವಿ ಪ್ರೊಬಯೋಟಿಕ್ ಅಲ್ಲ.

3. ಯಾವ ಪ್ರಾಣಿಗೆ, ದಿನಕ್ಕೆ ಎಷ್ಟು. ಮೆಲುಕು ಹಾಕುವ ಪ್ರಾಣಿಗೆ ಎಂದು ಸ್ಪಷ್ಟವಾಗಿರಬೇಕು. ಕೋಳಿಯದ್ದು, ಹಂದಿಯದ್ದು ಬೇಡ.

4. ಬಿಸಿ. ಗುಳಿಗೆ ಆಹಾರ ತಯಾರಿಸುವಾಗಿನ ಬಿಸಿಯಲ್ಲಿ ಲ್ಯಾಕ್ಟೋಬ್ಯಾಸಿಲಸ್ ಉಳಿಯುವುದು ಕಷ್ಟ. ಬ್ಯಾಸಿಲಸ್ ಜಾತಿಯವು ಗಟ್ಟಿ ಕವಚದ ಬೀಜಾಣುಗಳಾಗಿ ಇರುವುದರಿಂದ ತಾಳಿಕೊಳ್ಳುತ್ತವೆ. ಪೊಟ್ಟಣವನ್ನು ಬಿಸಿಲು ಬೀಳುವ ಶೆಡ್ಡಿನಲ್ಲಿ ಇಡಬಾರದು.

5. ಜೊತೆಗೆ ಏನು ಬೆರೆತಿದೆ. ಕೆಲವು ಪುಡಿಗಳಲ್ಲಿ ಖನಿಜಗಳೂ ಇರುತ್ತವೆ. ಜಿಂಕೆಗೆ, ಹಸುವಿಗೆ ಬೇಕಾದಷ್ಟು ತಾಮ್ರ ಕುರಿಗೆ ವಿಷವಾಗಬಹುದು. ಒಂದೇ ಶೆಡ್ಡಿನಲ್ಲಿ ಕುರಿಯೂ ಇದ್ದರೆ ಈ ಸಾಲನ್ನು ಎರಡು ಸಲ ಓದಿ.

6. "ಗುಣಪಡಿಸುತ್ತದೆ" ಎಂಬ ಮಾತು. ಅಮೆರಿಕದಲ್ಲಿ ರೋಗ ವಾಸಿ ಮಾಡುತ್ತದೆ ಎಂದು ಹೇಳಿಕೊಂಡರೆ ಆ ಉತ್ಪನ್ನವನ್ನು ಔಷಧಿ ಎಂದೇ ನೋಡಲಾಗುತ್ತದೆ, ಔಷಧಿಯ ನಿಯಮಗಳೇ ಅನ್ವಯಿಸುತ್ತವೆ. ಯುರೋಪಿಯನ್ ಒಕ್ಕೂಟದಲ್ಲಿ ಇಂಥ ಸೂಕ್ಷ್ಮಜೀವಿಯನ್ನು ಯಾವ ಬಗೆಯ ಪ್ರಾಣಿಗೆ ಕೊಡಬಹುದು ಎಂಬುದಕ್ಕೆ ಮೊದಲೇ ಅನುಮತಿ ಪಡೆಯಬೇಕು. ಆಹಾರದ ಪುಡಿಯೊಂದು ಹತ್ತು ರೋಗಗಳ ಪಟ್ಟಿ ಹಾಕಿಕೊಂಡಿದ್ದರೆ ಅನುಮಾನಪಡಿ.

ಕೊಂಡ ಮೇಲೂ ಒಂದು ಪರೀಕ್ಷೆ ಉಳಿದಿದೆ. ಒಂದೇ ವಯಸ್ಸಿನ ಮರಿಗಳಲ್ಲಿ ಅರ್ಧಕ್ಕೆ ಕೊಟ್ಟು, ಅರ್ಧಕ್ಕೆ ಕೊಡದೆ, ಉಳಿದೆಲ್ಲ ಒಂದೇ ರೀತಿ ಇಟ್ಟು, ಕೆಲವು ವಾರಗಳ ನಂತರ ಎರಡೂ ಗುಂಪನ್ನು ತೂಗಿ ನೋಡುವುದು. ಎಲ್ಲಕ್ಕೂ ಕೊಟ್ಟುಬಿಟ್ಟರೆ ತೂಕ ಏರಿದ್ದು ಪುಡಿಯಿಂದಲೋ ಚಿಗುರಿದ ಹುಲ್ಲಿನಿಂದಲೋ ತಿಳಿಯುವುದಿಲ್ಲ.

ಹರಿದಾಡುವ ಮಾತು, ಅದರ ನಿಜ

"ಹೊಟ್ಟೆ ಕೆಟ್ಟರೆ ಮೊಸರು ಕುಡಿಸಿ."
ಕಾಳು ಹೆಚ್ಚಾಗಿ ತಿಂದು ಹೊಟ್ಟೆ ಕೆಟ್ಟಿದ್ದರೆ ಇದು ತಪ್ಪು ದಾರಿ. ಪಿಷ್ಟ ಒಮ್ಮೆಲೇ ರೂಮೆನ್‌ಗೆ ಬಿದ್ದಾಗ ಅದು ವೇಗವಾಗಿ ಹುದುಗಿ ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುತ್ತದೆ. ನಾರು ಒಡೆಯುವ ಬ್ಯಾಕ್ಟೀರಿಯಾ ಸಾಯುತ್ತವೆ, ಹೊಟ್ಟೆಯ ಚಲನೆ ನಿಲ್ಲುತ್ತದೆ. ಮೊಸರಿನಲ್ಲಿರುವ ಬ್ಯಾಕ್ಟೀರಿಯಾ ತಯಾರಿಸುವುದೂ ಅದೇ ಲ್ಯಾಕ್ಟಿಕ್ ಆಮ್ಲವನ್ನು. ಮೊದಲೇ ಹುಳಿಯಾದ ಹೊಟ್ಟೆಗೆ ಹುಳಿ ಸುರಿದಂತಾಗುತ್ತದೆ.

"ಮನುಷ್ಯರ ಕ್ಯಾಪ್ಸೂಲ್ ಒಡೆದು ಹಾಕಿದರೆ ಸಾಕು."
ಅದನ್ನು ತಯಾರಿಸಿರುವುದು ಒಂದೇ ಕೋಣೆಯ ಹೊಟ್ಟೆಗೆ, ನಮ್ಮ ಪ್ರಮಾಣಕ್ಕೆ. ಮೇಲಿನ ಜಾತ್ರೆಯ ಲೆಕ್ಕ ನೆನಪಿಸಿಕೊಳ್ಳಿ.

"ಹಸಿದ ಕಾಡು ಜಿಂಕೆಗೆ ಜೋಳ ಹಾಕುವುದು ಪುಣ್ಯ."
ಅಮೆರಿಕ, ಕೆನಡಾಗಳಲ್ಲಿ ಹಿಮಗಾಲದಲ್ಲಿ ಜನ ಕನಿಕರದಿಂದ ಸುರಿದ ಮೆಕ್ಕೆಜೋಳ ತಿಂದು ಜಿಂಕೆಗಳು ಸಾಯುವುದುಂಟು. ಕಡ್ಡಿ, ತೊಗಟೆಗೆ ಒಗ್ಗಿದ್ದ ರೂಮೆನ್‌ಗೆ ಕಾಳು ಒಮ್ಮೆಲೇ ಬಂದಾಗ ತಡೆಯಲಾಗುವುದಿಲ್ಲ. ಸತ್ತ ಜಿಂಕೆಯ ಹೊಟ್ಟೆ ತುಂಬಿಯೇ ಇರುತ್ತದೆ.

ಹಳೆಯ ಕಾಲದ ಪ್ರೊಬಯೋಟಿಕ್

ರೂಮೆನ್ ಪೂರ್ತಿ ಕೆಟ್ಟಾಗ ಪಶುವೈದ್ಯರು ಬಳಸುವ ಒಂದು ಹಳೆಯ ವಿಧಾನವಿದೆ. ಆರೋಗ್ಯವಾಗಿರುವ ಪ್ರಾಣಿಯ ರೂಮೆನ್ ದ್ರವವನ್ನು ತೆಗೆದು ಕಾಯಿಲೆಯ ಪ್ರಾಣಿಗೆ ಕೊಡುವುದು. ಅದರಲ್ಲಿ ಒಂದೆರಡು ಜಾತಿಗಳಷ್ಟೇ ಅಲ್ಲ, ಒಗ್ಗಿಕೊಂಡ ಇಡೀ ಸಮುದಾಯವೇ ಇರುತ್ತದೆ. ಮೊದಲು ಆಮ್ಲವನ್ನು ಹತೋಟಿಗೆ ತಂದು ಆಮೇಲೆ ಇದನ್ನು ಮಾಡುತ್ತಾರೆ. ರೋಗ ದಾಟುವ ಅಪಾಯ ಇರುವುದರಿಂದ ಇದು ವೈದ್ಯರ ಕೆಲಸ, ಮನೆಯಲ್ಲಿ ಪ್ರಯತ್ನಿಸುವಂಥದ್ದಲ್ಲ.

ಪೊಟ್ಟಣಕ್ಕಿಂತ ಮೊದಲು ಮಾಡಬೇಕಾದದ್ದು

ಹೊಸ ಮೇವನ್ನು ಎರಡು ಮೂರು ವಾರಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುವುದು. ಕಾಳಿನ ಜೊತೆ ಉದ್ದ ನಾರಿನ ಒಣಹುಲ್ಲು ಸದಾ ಇರುವಂತೆ ನೋಡಿಕೊಳ್ಳುವುದು: ಮೆಲುಕು ಹಾಕಿದಷ್ಟೂ ಜೊಲ್ಲು ಇಳಿದು ಹುಳಿಯನ್ನು ತಗ್ಗಿಸುತ್ತದೆ. ಶುದ್ಧ ನೀರು. ಬಲವಾದ ಜಿಂಕೆಗಳು ಕಾಳೆಲ್ಲ ತಾವೇ ತಿಂದುಬಿಡದಂತೆ ಗೋದಲಿಯಲ್ಲಿ ಸಾಕಷ್ಟು ಜಾಗ. ಇವಕ್ಕೆ ಲೇಬಲ್ ಇಲ್ಲ, ಜಾಹೀರಾತೂ ಇಲ್ಲ. ಜಿಂಕೆಯ ಹೊಟ್ಟೆ ಕಾಯುವುದು ಹೆಚ್ಚಾಗಿ ಇವೇ.

ನಮಗೆ ಇದರಿಂದ ಏನು?

ಮದುವೆ, ಹಬ್ಬದಲ್ಲಿ ಉಳಿದ ಅನ್ನ, ಪಾಯಸ, ಹೋಳಿಗೆಯನ್ನು "ವ್ಯರ್ಥ ಆಗದಿರಲಿ" ಎಂದು ಹಸುವಿನ ಮುಂದೆ ಸುರಿಯುವುದು ನಮ್ಮಲ್ಲಿ ಸಾಮಾನ್ಯ. ಆಡು ಅಕ್ಕಿ ಚೀಲಕ್ಕೆ ಬಾಯಿ ಹಾಕುವುದೂ ಉಂಟು. ಒಳಗೆ ಆಗುವುದು ಜೋಳ ತಿಂದ ಜಿಂಕೆಗೆ ಆಗುವುದೇ. ಮೇವು ಬಿಡುವುದು, ಮೆಲುಕು ನಿಲ್ಲುವುದು, ಹೊಟ್ಟೆ ಉಬ್ಬುವುದು, ಹುಳಿ ವಾಸನೆಯ ನೀರು ಸೆಗಣಿ, ತೂರಾಡುವುದು, ಮಲಗಿಬಿಡುವುದು ಇದರ ಲಕ್ಷಣ. ಒಂದೆರಡು ದಿನದಲ್ಲೇ ಪ್ರಾಣ ಹೋಗಬಹುದು. ಕೂಡಲೇ ಪಶುವೈದ್ಯರನ್ನು ಕರೆಯಿರಿ. ಪಶು ಸಂಚಾರಿ ಚಿಕಿತ್ಸಾ ವಾಹನಕ್ಕೆ 1962 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು.

ಮೃಗಾಲಯದಲ್ಲಿ, ಕಾಡಿನ ರಸ್ತೆಯಲ್ಲಿ ಜಿಂಕೆ ಹತ್ತಿರ ಬಂದರೆ ಬಿಸ್ಕತ್ತು, ಚಿಪ್ಸ್ ಕೊಡಬೇಡಿ. ಮೃಗಾಲಯದ ಪ್ರಾಣಿಗೆ ತಿನ್ನಲು ಕೊಡುವುದು ಕಾನೂನಿನ ಪ್ರಕಾರವೂ ತಪ್ಪು.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

ಮೆಲುಕು ಹಾಕುವ ಪ್ರಾಣಿಯ ಮೇವನ್ನು ಒಮ್ಮೆಲೇ ಬದಲಿಸಬೇಡಿ. ಉಳಿದ ಅನ್ನ, ಕಾಳು ರಾಶಿ ಹಾಕಬೇಡಿ. ಭೇದಿಗೆ, ಉಬ್ಬರಕ್ಕೆ ಪುಡಿ ಹುಡುಕುವ ಮೊದಲು ಪಶುವೈದ್ಯರಿಗೆ ತೋರಿಸಿ. ಹಸುವಿನ, ಜಿಂಕೆಯ ಖನಿಜ ಪುಡಿಯನ್ನು ಕುರಿಗೆ ಹಾಕಬೇಡಿ.