ಸೇಲಂ, ಧರ್ಮಪುರಿಯಲ್ಲಿ ದುಡಿದವರ ಪಿಎಫ್ ಪಿಂಚಣಿ: ಪಡೆಯುವುದು ಹೇಗೆ?

ತಮಿಳುನಾಡಿನ ಸೇಲಂ, ಧರ್ಮಪುರಿ ಜಿಲ್ಲೆಗಳ ಗಿರಣಿ, ಆಸ್ಪತ್ರೆ, ಬಟ್ಟೆ ಅಂಗಡಿ, ಹೋಟೆಲ್‌ಗಳಲ್ಲಿ ನಾಲ್ಕೈದು ವರ್ಷ ದುಡಿದು ಊರಿಗೆ ಮರಳುವವರು, ಗಲ್ಫ್‌ಗೆ ಹೊರಡುವವರು ಮೊದಲು ಮಾಡುವ ಕೆಲಸ ಒಂದೇ: 'ಪಿಎಫ್ ಪೂರ್ತಿ ತೆಗೆದುಬಿಡುವುದು.' ಆ ದುಡ್ಡಿನ ಜೊತೆ ಪಿಂಚಣಿಯ ಸೇವಾವಧಿಯೂ ಹೋಯಿತು ಎಂದು ಗೊತ್ತಾಗುವುದು ವಯಸ್ಸಾದ ಮೇಲೆ.

ಯಾರಿಗೆ ಸಿಗುತ್ತದೆ?

ನೌಕರರ ಪಿಂಚಣಿ ಯೋಜನೆ (ಇಪಿಎಸ್) ಜಾರಿಯಾದದ್ದು 1995ರ ನವೆಂಬರ್ 16ರಂದು. ಮಾಲಕರು ಕಟ್ಟುವ ಪಾಲಿನಲ್ಲಿ ಸಂಬಳದ ಶೇ. 8.33 ಈ ನಿಧಿಗೆ ಹೋಗುತ್ತದೆ. ಇದಕ್ಕೆ ಸಂಬಳದ ಮಿತಿ 15,000 ರೂ. ಒಟ್ಟು 10 ವರ್ಷ ಸೇವೆ ಆಗಿದ್ದರೆ 58ನೇ ವಯಸ್ಸಿನಿಂದ ಜೀವನಪೂರ್ತಿ ಪಿಂಚಣಿ. ಒಂಬತ್ತೂವರೆ ವರ್ಷ ಆಗಿದ್ದರೂ ಹತ್ತು ಎಂದೇ ಲೆಕ್ಕ. 50 ದಾಟಿದವರು ಮೊದಲೇ ಪಡೆಯಬಹುದು, ಆದರೆ 58ಕ್ಕೆ ಕಡಿಮೆಯಿರುವ ಪ್ರತಿ ವರ್ಷಕ್ಕೆ ಶೇ. 4 ಕಡಿತ.

ಲೆಕ್ಕ ಹೀಗಿದೆ

ಕೊನೆಯ 60 ತಿಂಗಳ ಸರಾಸರಿ ಸಂಬಳವನ್ನು ಸೇವಾ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಒಬ್ಬರು ಸೇಲಂನಲ್ಲಿ 5 ವರ್ಷ, ಮತ್ತೆ ಮಂಗಳೂರಿನಲ್ಲಿ 7 ವರ್ಷ ದುಡಿದರು, ಸರಾಸರಿ ಸಂಬಳ 14,000 ರೂ. ಎಂದಿಟ್ಟುಕೊಳ್ಳಿ. 12 ವರ್ಷಕ್ಕೆ ತಿಂಗಳಿಗೆ 2,400 ರೂ. ಬರುತ್ತದೆ. ಸೇಲಂನ ಪಾಲನ್ನು ಹಿಂಪಡೆದಿದ್ದರೆ ಉಳಿಯುವುದು 7 ವರ್ಷ. ಪಿಂಚಣಿಯೇ ಇಲ್ಲ!

ಕೆಲಸ ಬಿಡುವಾಗ

* ಫಾರಂ 19 ಪಿಎಫ್ ಹಣಕ್ಕೆ, 10ಸಿ ಪಿಂಚಣಿ ಪಾಲಿಗೆ. 10ಸಿಯಲ್ಲಿ ಹಣದ ಬದಲು 'ಸ್ಕೀಂ ಸರ್ಟಿಫಿಕೇಟ್' ಕೇಳಿದರೆ ಸೇವಾ ವರ್ಷಗಳು ಉಳಿಯುತ್ತವೆ.
* ಹೊಸ ಕೆಲಸ ಸಿಕ್ಕಿದರೆ ಹಳೇ ಯುಎಎನ್ ನಂಬರನ್ನೇ ಕೊಡಿ, ಖಾತೆ ವರ್ಗಾಯಿಸಿಕೊಳ್ಳಿ.
* ಕೆಲಸ ಬಿಟ್ಟ ದಿನಾಂಕ ದಾಖಲಾಗಿದೆಯೇ ನೋಡಿ. ಕಂಪೆನಿ ಹಾಕದಿದ್ದರೆ ಎರಡು ತಿಂಗಳ ನಂತರ ಪೋರ್ಟಲ್‌ನಲ್ಲಿ ನೀವೇ ಹಾಕಬಹುದು.

ಅರ್ಜಿ ಸಲ್ಲಿಸುವುದು

ಪಿಂಚಣಿಗೆ ಫಾರಂ 10ಡಿ. ಆಧಾರ್ ಜೋಡಣೆಯಾದ ಯುಎಎನ್ ಇದ್ದರೆ ಆನ್‌ಲೈನ್‌ನಲ್ಲೇ ಸಲ್ಲಿಸಬಹುದು. ಬ್ಯಾಂಕ್ ಪಾಸ್‌ಬುಕ್, ಆಧಾರ್, ಹೆಂಡತಿ ಮಕ್ಕಳ ವಿವರ, ಫೋಟೊ ಸಿದ್ಧವಿಟ್ಟುಕೊಳ್ಳಿ. ಕಂಪೆನಿ ಮುಚ್ಚಿಹೋಗಿದ್ದರೆ ಬ್ಯಾಂಕ್ ಮ್ಯಾನೇಜರ್ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಎಲ್ಲವೂ ಸರಿಯಿದ್ದರೆ 20 ದಿನದೊಳಗೆ ಇತ್ಯರ್ಥವಾಗಬೇಕು.

ಧರ್ಮಪುರಿಯ ಖಾತೆಗಳೂ ಬರುವುದು ಸೇಲಂನ ಇಪಿಎಫ್‌ಒ ಪ್ರಾದೇಶಿಕ ಕಚೇರಿಯ ವ್ಯಾಪ್ತಿಗೆ. ದೂರುಗಳಿದ್ದರೆ ಇಪಿಎಫ್‌ಒ ದೂರು ಪೋರ್ಟಲ್ ಇದೆ. ಪ್ರತಿ ತಿಂಗಳ 27ರಂದು ಜಿಲ್ಲೆಗಳಲ್ಲಿ 'ನಿಧಿ ಆಪ್ಕೆ ನಿಕಟ್' ಶಿಬಿರವೂ ನಡೆಯುತ್ತದೆ.

ಹೆಸರಿನ ತಾಪತ್ರಯ

ತಮಿಳುನಾಡಿನಲ್ಲಿ ಇನಿಷಿಯಲ್ ಹೆಸರಿನ ಮುಂಚೆ ಬರುತ್ತದೆ, ನಮ್ಮಲ್ಲಿ ಹಲವರದ್ದು ಹಿಂದೆ. ಮುಹಮ್ಮದ್, ಮೊಹಮ್ಮದ್, ಮಹಮ್ಮದ್ ಎಲ್ಲವೂ ನಮಗೆ ಒಂದೇ, ಕಂಪ್ಯೂಟರ್‌ಗೆ ಮೂವರು ಬೇರೆ ಬೇರೆ. ಆಧಾರ್ ಮತ್ತು ಪಿಎಫ್ ದಾಖಲೆಯಲ್ಲಿ ಹೆಸರು, ಜನ್ಮದಿನಾಂಕ ಒಂದೇ ಇರಲಿ. ವ್ಯತ್ಯಾಸವಿದ್ದರೆ 'ಜಾಯಿಂಟ್ ಡಿಕ್ಲರೇಶನ್' ಮೂಲಕ ಈಗಲೇ ಸರಿಪಡಿಸಿ. ಕಂಪೆನಿ ಇರುವಾಗ ಇದು ಸುಲಭ, ಮುಚ್ಚಿದ ಮೇಲೆ ಅಲೆದಾಟ.

ವಿಧವೆಯರು ಗಮನಿಸಿ

ಕೆಲಸದಲ್ಲಿರುವಾಗಲೇ ಗಂಡ ತೀರಿಕೊಂಡರೆ 10 ವರ್ಷದ ಷರತ್ತು ಇಲ್ಲ. ಒಂದು ತಿಂಗಳ ವಂತಿಗೆ ಕಟ್ಟಿದ್ದರೂ ಹೆಂಡತಿಗೆ ಪಿಂಚಣಿ ಇದೆ, ಕನಿಷ್ಠ 1,000 ರೂ. ಇದಲ್ಲದೆ ಇಬ್ಬರು ಮಕ್ಕಳಿಗೆ 25 ವರ್ಷ ತುಂಬುವವರೆಗೆ ವಿಧವಾ ಪಿಂಚಣಿಯ ತಲಾ ಶೇ. 25 ಸಿಗುತ್ತದೆ. ಇದಕ್ಕೂ ಫಾರಂ 10ಡಿ, ಜೊತೆಗೆ ಮರಣ ಪ್ರಮಾಣಪತ್ರ. 'ಸ್ವಲ್ಪ ಸಮಯ ಮಾತ್ರ ಕೆಲಸ ಮಾಡಿದ್ದು' ಎಂದು ಸುಮ್ಮನಿರಬೇಡಿ.

ಊರಲ್ಲೇ ಪಡೆಯಬಹುದೇ?

ಹೌದು. 2025ರ ಜನವರಿ 1ರಿಂದ ದೇಶದ ಯಾವುದೇ ಬ್ಯಾಂಕಿನ ಯಾವುದೇ ಶಾಖೆಯಲ್ಲಿ ಪಿಂಚಣಿ ಪಡೆಯಬಹುದು. ಸೇಲಂನಲ್ಲಿ ಮಂಜೂರಾದದ್ದು ಬಂಟ್ವಾಳದ ಖಾತೆಗೇ ಬರುತ್ತದೆ. ವರ್ಷಕ್ಕೊಮ್ಮೆ 'ಜೀವನ್ ಪ್ರಮಾಣ್' ಕೊಡಲೇಬೇಕು, ಇಲ್ಲದಿದ್ದರೆ ಪಿಂಚಣಿ ನಿಲ್ಲುತ್ತದೆ. ಮೊಬೈಲ್‌ನಲ್ಲಿ ಮುಖ ತೋರಿಸಿ ಮನೆಯಲ್ಲೇ ಮಾಡಬಹುದು. ಜಮಾಅತಿನ ಯುವಕರು ಒಂದು ಜುಮಾ ದಿನ ಮಸೀದಿ ಪಕ್ಕ ಕುಳಿತು ಹಿರಿಯರಿಗೆ ಇದನ್ನು ಮಾಡಿಕೊಟ್ಟರೆ ಎಷ್ಟೋ ಉಪಕಾರ.

ಇವತ್ತೇ ನಿಮ್ಮ ಪಿಎಫ್ ಪಾಸ್‌ಬುಕ್ ತೆರೆದು ಪಿಂಚಣಿ ಕಾಲಂ ನೋಡಿ. ಅಲ್ಲಿರುವುದು ನಿಮ್ಮದೇ ಬೆವರಿನ ಪಾಲು.